ಎಲ್ಲರ ನಾಯಿ ಎಂದರೆ ಯಾರ ನಾಯಿ?

(ಕಾರ್ಮಿಕ ಬಂಧುಗಳ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ. ಕೇಳಿದವರ ಕೋರಿಕೆಯ ಮೇರೆಗೆ ಇಲ್ಲಿ ಅಚ್ಚು ಮಾಡಿದೆ.)



ಇಂದಿನ ಕೂಟದಲ್ಲಿ ಮಾತಾಡಬೇಕೆಂದು ನಮ್ಮನ್ನು ಕೇಳಿಕೊಂಡಾಗ ಕೂಲಿಯ ವಿಷಯವಾಗಿಯೋ ಸಂಘಟನೆಯ ವಿಷಯವಾಗಿಯೋ ಮಾತಾಡಬೇಕೆಂದು ಇದ್ದೆವು. ಆದರೆ ಕಳೆದ ತಿಂಗಳು ನಮ್ಮ ಓಣಿಯಲ್ಲಿ ನಡೆದ ಒಂದು ಸಂಗತಿ ಮನಸ್ಸನ್ನು ಬಿಡಲಿಲ್ಲ. ಆದ್ದರಿಂದ ಇಂದು ಒಂದು ನಾಯಿಯ ಚರಿತ್ರೆ ಹೇಳುತ್ತೇವೆ. ನಗಬೇಡಿರಿ. ನಾಯಿಯ ಕಥೆಯೇ ತಿರುಗಿ ಕೂಲಿಯ ಬಳಿಗೂ ಸಂಘದ ಬಳಿಗೂ ಬರುತ್ತದೆ.

ನಮ್ಮ ಓಣಿಯ ಮಗ್ಗದ ಶೆಡ್ಡಿನ ಬಾಗಿಲಲ್ಲಿ ಒಂದು ಕಂದು ನಾಯಿ ಮಲಗುತ್ತಿತ್ತು. ಎಲ್ಲಿಂದ ಬಂತೋ ತಿಳಿಯದು. ರಾತ್ರಿ ಪಾಳಿಯವರು ಚಹಾದ ಹೊತ್ತಿಗೆ ಬಿಸ್ಕೀಟು ಹಾಕುವರು. ಬೀಡಿ ಕಟ್ಟುವ ತಾಯಂದಿರು ಉಳಿದ ರೊಟ್ಟಿ ಹಾಕುವರು. ನಾವೂ ಹಾಕಿದ್ದೇವೆ. ಕಳ್ಳರ ಭಯವಿಲ್ಲ ಎಂದು ಎಲ್ಲರಿಗೂ ಸಮಾಧಾನ. ಯಾರಾದರೂ ಕೇಳಿದರೆ, "ನಮ್ದ ಐತ್ರಿ" ಎನ್ನುತ್ತಿದ್ದೆವು. ಹೀಗೆ ಏಳೆಂಟು ವರ್ಷ ನಡೆಯಿತು.

ಒಂದು ಸಂಜೆ ಆ ನಾಯಿ ಒಂದು ಕೂಸನ್ನು ಕಚ್ಚಿತು. ಕೂಸಿನ ತಂದೆ ದಿನಗೂಲಿಯವನು, ಓಣಿಗೆ ಹೊಸಬ. ಅವನು ಅಳುವ ಮಗುವನ್ನು ಎತ್ತಿಕೊಂಡು ಬಂದು, "ಈ ನಾಯಿ ಯಾರದ್ರೆಪಾ?" ಎಂದು ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಅವನು ಒಬ್ಬೊಬ್ಬರ ಮುಖ ನೋಡಿ ಹೇಳಿದ: "ದಿನಾ ಎಲ್ಲಾರೂ ರೊಟ್ಟಿ ಹಾಕ್ತೀರಿ. ಕಚ್ಚಿದ ದಿವಸ ಯಾರದೂ ಅಲ್ಲೇನು?"

ನಾವೂ ಆ ಗುಂಪಿನಲ್ಲಿ ನಿಂತಿದ್ದೆವು. ನಾವೂ ಸುಮ್ಮನಿದ್ದೆವು. ಮರುದಿನ ಒಬ್ಬರು, "ಎಲ್ಲಾ ಗದ್ದಲಾ ಯಾಕ್ರಿ, ವಿಷಾ ಹಾಕಿ ಬಿಡೂಣು" ಎಂದರು. ಅದಕ್ಕೂ ನಾವು ಕೂಡಲೇ ಉತ್ತರ ಕೊಡಲಿಲ್ಲ. ಅಂದು ರಾತ್ರಿ ನಿದ್ರೆ ಬರಲಿಲ್ಲ. ಹಿಂದೆ ಓದಿದ್ದ ಇನ್ನೊಂದು ನಾಯಿಯ ನೆನಪು ಬಂತು. ಅದೂ ಕೆಂಚು ನಾಯಿ. ಅದೂ ದುಡಿಯುವವರ ಊರಿನಲ್ಲಿ ಬೆಳೆದದ್ದು. ಅದೂ ಎಲ್ಲರದು.

ಕೆಂಪು ಮಣ್ಣಿನ ಸೀಮೆ

ಆಸ್ಟ್ರೇಲಿಯಾ ದೇಶದ ಪಶ್ಚಿಮ ಭಾಗದಲ್ಲಿ ಪಿಲ್ಬರಾ ಎಂಬ ಸೀಮೆಯಿದೆ. ಮಣ್ಣು ಕೆಂಪು, ಬಂಡೆ ಕೆಂಪು, ಬಿಸಿಲು ಕಠೋರ. ನೆಲದೊಳಗೆ ಕಬ್ಬಿಣದ ಅದಿರು. ಆಸ್ಟ್ರೇಲಿಯಾ ಸರಕಾರವು ಅದಿರನ್ನು ಹೊರದೇಶಕ್ಕೆ ಕಳಿಸಬಾರದೆಂದು ಹಾಕಿದ್ದ ನಿರ್ಬಂಧವನ್ನು 1960ರಲ್ಲಿ ಸಡಿಲಿಸಿತು. ಬಳಿಕ ಕಂಪನಿಗಳು ಬಂದವು. ಹ್ಯಾಮರ್ಸ್ಲಿ ಐರನ್ ಎಂಬ ಕಂಪನಿ ಟಾಮ್ ಪ್ರೈಸ್ ಎಂಬಲ್ಲಿ ಗಣಿ ತೆಗೆದು, ಅಲ್ಲಿಂದ ಸುಮಾರು 290 ಕಿಲೋಮೀಟರು ರೈಲು ಹಾದಿ ಹಾಕಿ, ಸಮುದ್ರದ ದಂಡೆಯಲ್ಲಿ ಡ್ಯಾಂಪಿಯರ್ ಎಂಬ ಬಂದರಿನ ಊರು ಕಟ್ಟಿತು. 1966ರಲ್ಲಿ ಮೊದಲ ಅದಿರಿನ ಹಡಗು ಜಪಾನಿಗೆ ಹೋಯಿತು. ಪಕ್ಕದಲ್ಲಿಯೇ ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಕೆಲಸವೂ ನಡೆಯಿತು.

ಗೋವೆಯ ಗಣಿಗಳಲ್ಲಿ ಕೆಲಸ ಮಾಡಿದ ನಮ್ಮವರಿಗೆ ಈ ಚಿತ್ರ ಹೊಸದಲ್ಲ. ಅಲ್ಲಿಯೂ ಕೆಂಪು ಧೂಳು, ಅಲ್ಲಿಯೂ ಅದಿರು ಹಡಗು ಹತ್ತಿ ಜಪಾನಿಗೆ ಹೋಗುತ್ತಿತ್ತು. ಡ್ಯಾಂಪಿಯರಿಗೆ ಬಂದ ದುಡಿಮೆಗಾರರೂ ನಮ್ಮವರಂತೆ ಮನೆ ಬಿಟ್ಟು ಬಂದವರು. ಆಸ್ಟ್ರೇಲಿಯಾದ ಬೇರೆ ಊರುಗಳಿಂದಲೂ ಯುರೋಪಿನ ಹಲವು ದೇಶಗಳಿಂದಲೂ ಬಂದರು. ಎಷ್ಟೋ ಮಂದಿ ಒಂಟಿ ಗಂಡಸರು, ಕಂಪನಿ ಕಟ್ಟಿಸಿದ ಸಾಲುಕೋಣೆಗಳಲ್ಲಿ ಇರುವವರು. ಹಗಲು ದುಡಿಮೆ; ಸಂಜೆಗೆ ಹೋಗಿ ಕೂಡಲು ಮನೆಯಿಲ್ಲ, ಕರೆಯಲು ಮಕ್ಕಳಿಲ್ಲ. ಇಂಥ ಊರಿಗೆ ಆ ನಾಯಿ ಬಂತು.

ನಾಯಿಗೆ ಸಿಕ್ಕ ಸದಸ್ಯತ್ವಗಳು

ನಾಯಿ ಹುಟ್ಟಿದ್ದು 1971ರ ಸುಮಾರಿಗೆ, ಒಳನಾಡಿನ ಪ್ಯಾರಾಬರ್ಡೂ ಎಂಬ ಗಣಿ ಊರಿನಲ್ಲಿ. ಕುರಿ ದನ ಕಾಯುವ ಜಾತಿಯ ಬೆರಕೆ ನಾಯಿ, ಮೈ ಆ ನೆಲದ ಬಣ್ಣದ್ದೇ. ಮೊದಲ ಯಜಮಾನನ ಜೊತೆ ಡ್ಯಾಂಪಿಯರಿಗೆ ಬಂದು ಸೇರಿತು. ಆದರೆ ಅದು ಒಂದು ಮನೆಯಲ್ಲಿ ನಿಲ್ಲುವ ನಾಯಿಯಾಗಿರಲಿಲ್ಲ. ಜಾನ್ ಸ್ಟ್ಯಾಜೊನೆಲ್ಲಿ ಎಂಬವನು ಹ್ಯಾಮರ್ಸ್ಲಿ ಕಂಪನಿಯ ಬಸ್ಸು ನಡೆಸುವವನು. ಕೂಲಿಗಾರರನ್ನು ಕೆಲಸಕ್ಕೆ ಒಯ್ಯುವುದೂ ಮರಳಿ ತರುವುದೂ ಅವನ ಕೆಲಸ. ನಾಯಿ ಅವನನ್ನು ಹಚ್ಚಿಕೊಂಡಿತು, ಅವನ ಬಸ್ಸಿನಲ್ಲಿಯೇ ತಿರುಗಾಡಿತು. ಹೀಗೆ ಬಸ್ಸು ಹತ್ತುವ ಪ್ರತಿ ಕೂಲಿಗಾರನಿಗೂ ಪರಿಚಯವಾಯಿತು. ಎಲ್ಲರೂ ಅದನ್ನು ಕರೆದದ್ದು ರೆಡ್ ಡಾಗ್ ಎಂದೇ, ಅಂದರೆ ಕೆಂಪು ನಾಯಿ.

1975ರಲ್ಲಿ ಜಾನ್ ತೀರಿಕೊಂಡ. ಅದಾದ ಮೇಲೆ ನಾಯಿ ಯಾರನ್ನೂ ಯಜಮಾನನೆಂದು ಒಪ್ಪಲಿಲ್ಲ. ಸಿಕ್ಕಿದ ಕಾರು, ಬಸ್ಸು, ಲಾರಿ, ಅದಿರಿನ ರೈಲು ಹತ್ತಿ ಸೀಮೆಯನ್ನೆಲ್ಲ ಅಲೆಯಿತು. ರೋಬರ್ನ್, ಪಾಯಿಂಟ್ ಸ್ಯಾಮ್ಸನ್, ಪೋರ್ಟ್ ಹೆಡ್ಲೆಂಡ್ ಮೊದಲಾದ ಊರುಗಳಲ್ಲಿ ಅದನ್ನು ಕಂಡವರಿದ್ದಾರೆ. ಸುಮಾರು 1500 ಕಿಲೋಮೀಟರು ದೂರದ ಪರ್ತ್ ನಗರದವರೆಗೂ ಹೋಗಿ ಬಂತೆಂದು ಅಲ್ಲಿಯ ಜನ ಹೇಳುತ್ತಾರೆ. ಸತ್ತ ಗೆಳೆಯನನ್ನು ಹುಡುಕುತ್ತಿತ್ತೆಂದು ಕೆಲವರ ನಂಬಿಕೆ. ನಾಯಿಯ ಮನಸ್ಸನ್ನು ಓದಿದವರು ಯಾರು? ನಾವು ಹೇಳಬಲ್ಲದ್ದು ಇಷ್ಟೇ: ಅದು ಕೈ ತೋರದೆ ನಿಂತರೂ ವಾಹನಗಳು ನಿಲ್ಲುತ್ತಿದ್ದವು. ಬಾಗಿಲು ತೆರೆಯುತ್ತಿತ್ತು. ಹೊಟ್ಟೆಗೆ ಸಿಗುತ್ತಿತ್ತು. ಗಾಯವಾದರೆ ಹತ್ತಿರವಿದ್ದವರು ಪಶುವೈದ್ಯರ ಬಳಿಗೆ ಒಯ್ಯುತ್ತಿದ್ದರು.

ಇನ್ನು ಮುಖ್ಯ ಮಾತು. ಈ ನಾಯಿಯ ಹೆಸರನ್ನು ಆ ಕೂಲಿಗಾರರು ಪುಸ್ತಕಕ್ಕೆ ಏರಿಸಿದರು. ಡ್ಯಾಂಪಿಯರ್ ಉಪ್ಪಿನ ಕೆಲಸಗಾರರ ಕ್ರೀಡಾ ಮತ್ತು ಸಮಾಜ ಕ್ಲಬ್ಬು ಅದನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಸಾರಿಗೆ ಕಾರ್ಮಿಕರ ಯೂನಿಯನ್ನು ಅದಕ್ಕೆ ಸದಸ್ಯತ್ವ ಕೊಟ್ಟಿತು. ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ ಅದರ ಹೆಸರಿಗೆ ಖಾತೆಯೂ ತೆರೆಯಿತು.

ಇದನ್ನು ಮೊದಲು ಓದಿದಾಗ ನಾವೂ ನಕ್ಕೆವು. ಆಮೇಲೆ ಯೋಚಿಸಿದೆವು. ಮನೆ ಬಿಟ್ಟು ಬಂದ ದುಡಿಮೆಗಾರನಿಗೆ ಬೇಕಾದವು ಯಾವುವು? ಸಂಜೆ ಹೋಗಿ ಕೂಡಲು ಒಂದು ಜಾಗ, ಕಷ್ಟ ಬಂದಾಗ ಬೆನ್ನಿಗೆ ನಿಲ್ಲುವ ಸಂಘ, ದುಡಿದದ್ದನ್ನು ಇಡಲು ಒಂದು ಖಾತೆ. ಆ ಜನ ತಮಾಷೆಗೆಂದು ಮಾಡಿದರೂ ತಮಗೆ ಯಾವುದು ಬೆಲೆಯುಳ್ಳದ್ದೋ ಅದನ್ನೇ ನಾಯಿಗೂ ಕೊಟ್ಟರು. ನಮ್ಮವನು ಎಂದು ಬಾಯಲ್ಲಿ ಹೇಳುವುದು ಸುಲಭ. ಹೆಸರು ಬರೆದು ಹೇಳುವುದಕ್ಕೆ ತೂಕ ಹೆಚ್ಚು.

ಇಂಥವು ಬೇರೆಡೆಯೂ ಇದ್ದವು

ಅದೇ ದೇಶದ ದಕ್ಷಿಣ ಭಾಗದಲ್ಲಿ 1880ರ ದಶಕದಲ್ಲಿ ಬಾಬ್ ಎಂಬ ಬೀದಿನಾಯಿ ರೈಲ್ವೆ ಕೆಲಸಗಾರರ ಜೊತೆ ಎಂಜಿನ್ನು ಹತ್ತಿ ಊರೂರು ತಿರುಗಿತು. ಅದು 1895ರಲ್ಲಿ ಸತ್ತಿತು. ಅದರ ಕೊರಳಪಟ್ಟಿಯನ್ನು ಇಂದಿಗೂ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅರ್ಜೆಂಟೀನಾ ದೇಶದ ರೆಸಿಸ್ಟೆನ್ಸಿಯಾ ಪಟ್ಟಣದಲ್ಲಿ 1950ರ ದಶಕದಲ್ಲಿ ಫರ್ನಾಂಡೋ ಎಂಬ ಬಿಳಿ ನಾಯಿಯನ್ನು ಊರೇ ಸಾಕಿತು. 1963ರಲ್ಲಿ ಅದು ಸತ್ತಾಗ ಊರ ಜನ ಸೇರಿ ಮಣ್ಣು ಮಾಡಿದರು.

ಇದೇನು ಪರದೇಶದವರ ಹುಚ್ಚು ಎಂದು ಯಾರಾದರೂ ಅಂದರೆ, ಅವರಿಗೆ ನಮ್ಮ ಕನ್ನಡದ ಕಲ್ಲನ್ನೇ ತೋರಿಸಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನವೊಂದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಸುಮಾರು ಕ್ರಿ.ಶ. 950. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿಯನ್ನೂ ಬಿಟ್ಟರು. ನಾಯಿ ಹಂದಿ ಸೆಣಸುವ ಚಿತ್ರ ಆ ಕಲ್ಲಿನ ಮೇಲೆ ಇದೆ.

ಆದರೆ ಕಾಳಿಗೆ ಒಬ್ಬ ಒಡೆಯನಿದ್ದ. ಅವನ ಕೈಯಲ್ಲಿ ಭೂಮಿಯಿತ್ತು, ಆದ್ದರಿಂದ ಭೂಮಿ ಬಿಟ್ಟ. ಕೆಂಪು ನಾಯಿಗೆ ಒಡೆಯನಿಲ್ಲ, ಊರು ಇತ್ತು. ಒಡೆಯನಿರುವ ನಾಯಿಯ ಪಾಡು ಒಡೆಯನನ್ನು ಸೇರಿದ್ದು. ಊರಿನ ನಾಯಿಯ ಪಾಡು ಯಾರನ್ನು ಸೇರಿದ್ದು? ನಮ್ಮ ಓಣಿಯ ಆ ತಂದೆ ಕೇಳಿದ್ದು ಇದನ್ನೇ.

ವಿಷ

1979ರ ನವೆಂಬರಿನಲ್ಲಿ ಕೆಂಪು ನಾಯಿ ವಿಷ ತಿಂದು ಬಿತ್ತು. ಸ್ಟ್ರಿಕ್ನೀನ್ ಎಂಬ ವಿಷ. ಅಲ್ಲಿ ಕಾಡುನಾಯಿಗಳನ್ನು ಕೊಲ್ಲಲು ಮಾಂಸದಲ್ಲಿ ಬೆರೆಸಿ ಹಾಕುತ್ತಿದ್ದ ವಸ್ತು. ಅದು ಮೈಯೊಳಗೆ ಹೋದರೆ ಸ್ನಾಯುಗಳೆಲ್ಲ ಸೆಟೆದು, ಪ್ರಾಣಿ ಒದ್ದಾಡಿ ಸಾಯುತ್ತದೆ. ಬೇಕೆಂದೇ ಹಾಕಿದರೆಂದು ಹಲವರು ನಂಬುತ್ತಾರೆ. ಆದರೆ ಯಾರ ಮೇಲೂ ಅದು ಸಾಬೀತಾಗಲಿಲ್ಲ. ಪಶುವೈದ್ಯ ರಿಕ್ ಫೆನ್ನಿ ಎಂಬವರ ಆರೈಕೆಯಲ್ಲಿದ್ದ ನಾಯಿ ಉಳಿಯಲಿಲ್ಲ. ನವೆಂಬರ್ 21ರಂದು ಸತ್ತಿತು. ರೋಬರ್ನ್ ಕಡೆಯ ಬಯಲಿನಲ್ಲಿ ಗುರುತಿಲ್ಲದ ಜಾಗದಲ್ಲಿ ಅದನ್ನು ಹೂಳಿದರು.

ಆಮೇಲೆ ಡ್ಯಾಂಪಿಯರ್ ಊರಿನಲ್ಲಿ ಅದರ ಪ್ರತಿಮೆ ನಿಲ್ಲಿಸಿದರು. ತಿರುಗಾಟದಲ್ಲಿ ಅದು ಗಳಿಸಿದ ಅನೇಕ ಗೆಳೆಯರು ಇದನ್ನು ನಿಲ್ಲಿಸಿದರೆಂದು ಅಲ್ಲಿ ಬರೆದಿದೆ. ಒಬ್ಬರ ಹೆಸರೂ ಇಲ್ಲ. ಇಂಗ್ಲೆಂಡಿನ ಕಾದಂಬರಿಕಾರ ಲೂಯಿ ಡಿ ಬರ್ನಿಯೇರ್ಸ್ ಆ ಪ್ರತಿಮೆಯನ್ನು ಕಂಡು, ಊರವರ ಕಥೆಗಳನ್ನು ಕೇಳಿ, 2001ರಲ್ಲಿ ಪುಸ್ತಕ ತಂದರು. 2011ರಲ್ಲಿ ಸಿನೆಮಾ ಬಂತು. ಹೀಗೆ ನಾಯಿಯ ಹೆಸರು ಲೋಕಕ್ಕೆಲ್ಲ ತಿಳಿಯಿತು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಊರೇ ಪ್ರೀತಿಸಿದ ನಾಯಿಗೆ, ಯೂನಿಯನ್ನಿನ ಸದಸ್ಯನಾದ ನಾಯಿಗೆ, ಯಾರೋ ಒಬ್ಬರ ತುಂಡು ಮಾಂಸ ಸಾಕಾಯಿತು. ನೂರು ಮಂದಿಯ ಪ್ರೀತಿ ಇದ್ದರೂ ಒಬ್ಬನ ಕಾವಲು ಇಲ್ಲದಿದ್ದರೆ ಹೀಗಾಗುತ್ತದೆ. ರೊಟ್ಟಿ ಹಾಕುವವರು ನೂರು ಮಂದಿ. ರಾತ್ರಿ ಎಲ್ಲಿ ಮಲಗಿತು, ಏನು ತಿಂದಿತು, ಚುಚ್ಚುಮದ್ದು ಹಾಕಿಸಿದೆಯೇ ಎಂದು ಕೇಳುವವನು ಒಬ್ಬನೂ ಇಲ್ಲ.

ನಮ್ಮ ದೇಶದಲ್ಲಿ ಪ್ರಾಣಿ ಹಿಂಸೆ ತಡೆಯುವ 1960ರ ಕಾಯಿದೆಯಿದೆ. ಅದರ ಹನ್ನೊಂದನೆಯ ಕಲಮಿನಲ್ಲಿ ಬೀದಿನಾಯಿಯ ಮಾತೂ ಇದೇ ಸ್ಟ್ರಿಕ್ನೀನಿನ ಹೆಸರೂ ಬರುತ್ತವೆ. ಹಾಗೆ ಕ್ರೂರವಾಗಿ ಕೊಲ್ಲುವುದು ಅಪರಾಧ. ವಿಷ ಹಾಕಿ ಬಿಡೋಣ ಎಂದವರಿಗೆ ಮರುದಿನ ನಾವು ಈ ಕಲಮನ್ನು ಹೇಳಿದೆವು, ಆ ನಾಯಿಯ ಕಥೆಯನ್ನೂ ಹೇಳಿದೆವು. ವಿಷ ಹಾಕಿದರೆ ಕೂಸಿನ ಗಾಯ ವಾಸಿಯಾಗುವುದಿಲ್ಲ, ನಮ್ಮ ಹೊಣೆಯೂ ತೀರುವುದಿಲ್ಲ ಎಂದೆವು.

ಪುಸ್ತಕಕ್ಕೆ ಏರದ ಹೆಸರುಗಳು

ಇನ್ನೊಂದು ಮಾತನ್ನು ಮುಚ್ಚಿಟ್ಟರೆ ಕಥೆ ಅರ್ಧವೇ ಆಗುತ್ತದೆ. ಆ ಪಿಲ್ಬರಾ ಸೀಮೆ ಬರಿದಾಗಿರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಮೂಲನಿವಾಸಿಗಳಿದ್ದರು. ಗಣಿ ಬರುವ ಮೊದಲು ಅವರು ಬಿಳಿಯರ ಕುರಿ ಸಾಕಣೆಯ ದೊಡ್ಡ ಹೊಲಗಳಲ್ಲಿ ದುಡಿಯುತ್ತಿದ್ದರು. ಎಷ್ಟೋ ಮಂದಿಗೆ ಕೂಲಿಯೆಂದರೆ ಹಿಟ್ಟು, ಚಹಾ, ಸಕ್ಕರೆ. ಹಣವೆಂಬುದು ಇಲ್ಲ, ಇಲ್ಲವೇ ಅತಿ ಸ್ವಲ್ಪ. 1946ರ ಮೇ 1ರಂದು, ಕಾರ್ಮಿಕರ ದಿನದಂದೇ, ಸುಮಾರು 800 ಮಂದಿ ಕೆಲಸ ಬಿಟ್ಟು ಹೊರಟರು. ಡೂಲಿ ಬಿನ್ ಬಿನ್, ಕ್ಲಾನ್ಸಿ ಮೆಕೆನ್ನಾ ಎಂಬ ಮೂಲನಿವಾಸಿ ಮುಂದಾಳುಗಳೂ ಡಾನ್ ಮೆಕ್ಲಿಯೋಡ್ ಎಂಬ ಬಿಳಿಯ ಕೆಲಸಗಾರನೂ ಅವರನ್ನು ಸಂಘಟಿಸಿದರು. ಮುಷ್ಕರ ಮೂರು ವರ್ಷ ನಡೆಯಿತು. ಮುಂದಾಳುಗಳು ಜೈಲು ಕಂಡರು. 1949ರಲ್ಲಿ ಹಡಗು ಕಾರ್ಮಿಕರ ಯೂನಿಯನ್ನಿನವರು ಆ ಹೊಲಗಳ ಉಣ್ಣೆಯನ್ನು ನಾವು ಸಾಗಿಸುವುದಿಲ್ಲ ಎಂದು ನಿಂತರು. ಆಗ ಮಾತುಕತೆಗೆ ದಾರಿಯಾಯಿತು.

ಈ ಎರಡು ಕಥೆಗಳೂ ಒಂದೇ ಕೆಂಪು ಮಣ್ಣಿನವು, ನಡುವೆ ಮೂವತ್ತು ವರ್ಷ. ನಾಯಿಗೆ ನಗುತ್ತ ಸದಸ್ಯತ್ವ ಸಿಕ್ಕ ಸೀಮೆಯಲ್ಲಿ ಮನುಷ್ಯರು ಕೂಲಿಪಟ್ಟಿಗೆ ತಮ್ಮ ಹೆಸರು ಏರಿಸಲು ಮೂರು ವರ್ಷ ಹಸಿದಿದ್ದರು. ನಾಯಿಯನ್ನು ಪ್ರೀತಿಸಿದವರು ತಪ್ಪು ಮಾಡಿದರೆಂದು ನಾವು ಹೇಳುವುದಿಲ್ಲ. ಅವರು ಒಳ್ಳೆಯದನ್ನೇ ಮಾಡಿದರು. ಆದರೆ ಪ್ರೀತಿಗೆ ಒಂದು ದೌರ್ಬಲ್ಯವಿದೆ. ಅದು ಸುಲಭವಾದವರನ್ನು ಮೊದಲು ಆರಿಸುತ್ತದೆ. ನಾಯಿ ಬಾಲ ಅಲ್ಲಾಡಿಸುತ್ತದೆ, ಲೆಕ್ಕ ಕೇಳುವುದಿಲ್ಲ. ಮನುಷ್ಯ ಲೆಕ್ಕ ಕೇಳುತ್ತಾನೆ.

ನಮ್ಮ ಓಣಿಯಲ್ಲಿಯೂ ಹಾಗೆಯೇ ಅಲ್ಲವೇ? ಆ ಕೂಸಿನ ತಂದೆ ಬಂದು ಎರಡು ವರ್ಷವಾಗಿತ್ತು. ನಾಯಿಯ ಹೆಸರು ನಮಗೆಲ್ಲ ಗೊತ್ತಿತ್ತು. ಅವನ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ನಮಗೆ ಗೊತ್ತಿರಲಿಲ್ಲ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿಯೂ ಅವನ ಹೆಸರಿರಲಿಲ್ಲ. ನಮ್ಮ ಕೂಟದ ಪುಸ್ತಕದಲ್ಲಿಯೂ ಇರಲಿಲ್ಲ. ಎರಡು ಓಣಿ ದಾಟಿ ನಾಯಿಗೆ ರೊಟ್ಟಿ ಒಯ್ಯುತ್ತಿದ್ದ ನಾವು ಅವನ ಬಾಗಿಲು ದಾಟಿಯೇ ಹೋಗುತ್ತಿದ್ದೆವು.

ಮುಂದೆ ಏನಾಯಿತು

ಇಷ್ಟು ಹೇಳಿ ಕೂತರೆ ಮಾತು ಮಾತಾಗಿಯೇ ಉಳಿಯುತ್ತದೆ. ಆದ್ದರಿಂದ ನಡೆದದ್ದನ್ನು ಹೇಳಿ ಮುಗಿಸುತ್ತೇವೆ.

ಕೂಸಿನ ಗಾಯವನ್ನು ಅದರ ತಾಯಿ ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದಿದ್ದಳು. ಇದನ್ನು ಎಲ್ಲರೂ ನೆನಪಿಡಬೇಕು. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆಯಬೇಕು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಹಚ್ಚಬಾರದು. ಹುಚ್ಚು ಹಿಡಿದ ಮೇಲೆ ಪ್ರಾಣ ಉಳಿಯುವುದು ಇಲ್ಲವೆಂದೇ ಹೇಳಬೇಕು; ಸಮಯಕ್ಕೆ ಹಾಕಿಸಿದ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು. ಆದರೆ ನಾಲ್ಕು ಸಲ ಹೋಗಬೇಕಾಯಿತು. ನಾಲ್ಕು ಸಲವೆಂದರೆ ದಿನಗೂಲಿಯವನಿಗೆ ನಾಲ್ಕು ದಿನದ ಊಟ.

ಓಣಿಯ ಹಿರಿಯ ತಾಯಿಯೊಬ್ಬರು, ಬೀಡಿ ಕಟ್ಟುವವರು, ಮೊದಲು ಎದ್ದು ನಿಂತರು. "ರೊಟ್ಟಿ ಹಾಕಿದಾಕಿ ನಾನು. ನನ್ನ ನಾಯಿನೇ ಕಚ್ಚೇತಿ. ಒಂದು ದಿವಸದ ಪಗಾರ ನಾ ಕೊಡ್ತೇನಿ" ಎಂದರು. ಆ ಮಾತು ಕೇಳಿ ನಮಗೆ ನಾಚಿಕೆಯಾಯಿತು. ಉಳಿದ ಮೂರು ದಿನದ್ದನ್ನು ನಾವೆಲ್ಲ ಕೂಡಿ ಹಾಕಿದೆವು. ತಂದೆ ಮೊದಲು ಒಲ್ಲೆನೆಂದ. ಧರ್ಮಕ್ಕೆ ಕೊಡುವುದಲ್ಲ, ಇದು ನಮ್ಮ ದಂಡ ಎಂದ ಮೇಲೆ ತೆಗೆದುಕೊಂಡ.

ನಾಯಿಯನ್ನು ಕಟ್ಟಿ ಹತ್ತು ದಿನ ನೋಡಿದೆವು. ಅದು ಆರೋಗ್ಯವಾಗಿಯೇ ಇತ್ತು. ಆಮೇಲೆ ಅದಕ್ಕೂ ಓಣಿಯ ಇನ್ನು ನಾಲ್ಕು ನಾಯಿಗಳಿಗೂ ಚುಚ್ಚುಮದ್ದು ಹಾಕಿಸಿದೆವು. ಯಾವ ನಾಯಿಗೆ ಯಾರು ಹೊಣೆ, ಮುಂದಿನ ಮದ್ದು ಯಾವ ತಿಂಗಳು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದೆವು. ಕಂದು ನಾಯಿಯ ಮುಂದೆ ನಮ್ಮ ಹೆಸರಿದೆ. ಈ ಸಲ ಯಾರಾದರೂ ಯಾರ ನಾಯಿ ಎಂದು ಕೇಳಿದರೆ ಹೇಳಲು ಉತ್ತರವಿದೆ.

ಅದೇ ನೋಟುಬುಕ್ಕಿನ ಮುಂದಿನ ಪುಟದಲ್ಲಿ ಇನ್ನೊಂದು ಪಟ್ಟಿ ಶುರು ಮಾಡಿದ್ದೇವೆ. ನಮ್ಮ ಓಣಿಯಲ್ಲಿ ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದೆ ದುಡಿಯುವವರ ಪಟ್ಟಿ ಅದು. ಮೊದಲ ಹೆಸರು ಆ ಕೂಸಿನ ತಂದೆಯದು. ನಿನ್ನೆಯವರೆಗೆ ಹದಿನೇಳು ಹೆಸರುಗಳಾಗಿವೆ. ಯಾರ ಯಾರ ಬಳಿ ಕಾರ್ಡಿಲ್ಲ, ಯಾರಿಗೆ ಖಾತೆಯಿಲ್ಲ, ಯಾರ ಹಾಜರಿ ಬರೆಯುವುದಿಲ್ಲ ಎಂದು ಕೇಳಿ ಬರೆಯಬೇಕಾಗಿದೆ. ಬರೆಯಲು ಬರುವವರು ಬೇಕು, ಸಂಜೆ ಎರಡು ತಾಸು ಬಿಡುವುಳ್ಳವರು ಬೇಕು. ನೋಟುಬುಕ್ಕು ಇಂದು ಇಲ್ಲಿಗೇ ತಂದಿದ್ದೇವೆ, ಮೇಜಿನ ಮೇಲೆ ಇದೆ. ಚಹಾ ಕುಡಿದು ಹೋಗುವ ಮೊದಲು ಒಮ್ಮೆ ತೆರೆದು ನೋಡಿರಿ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಅವರ ಹೆಸರನ್ನು ಬರೆದು, ಪಕ್ಕದಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ.